ಡೇರೆ ಬಟ್ಟೆ ಅರಸೀಕೆರೆಗೆ ಹೊರಡುವ ಮುಂಚೆ

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಡೇರೆ ಬಟ್ಟೆಯನ್ನು ಕಾಫಿ ತೂಗುವ ಸ್ಕೇಲ್ ಮೇಲಿಟ್ಟೆ. 34 ಕೆಜಿ 300 ಗ್ರಾಂ ತೋರಿಸಿತು. ಮುಟ್ಟಿದರೆ ಗರಗರ ಒಣಗಿತ್ತು. ಆದರೂ ಮಡಿಚಲಿಲ್ಲ. ಮಾರ್ಚ್‌ನಲ್ಲಿ ಇದೇ ಬಟ್ಟೆ 33 ಕೆಜಿ 200 ಗ್ರಾಂ ಇತ್ತು. ಅಂದರೆ ಕೈಗೆ ಗೊತ್ತೇ ಆಗದ ಹಾಗೆ ಒಂದು ಲೀಟರ್‌ಗಿಂತ ಜಾಸ್ತಿ ನೀರು ಇನ್ನೂ ಅದರೊಳಗಿದೆ. ಮೃಗಶಿರ ಮಳೆ ಹಿಡಿಯುವುದಕ್ಕೆ ಇನ್ನು ಮೂರು ವಾರ. ಅಷ್ಟರಲ್ಲಿ ಆ ನೀರು ಹೋಗಬೇಕು.

ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಸಣ್ಣ ಕಾಫಿ ತೋಟ. ಡೇರೆ ಅಂದರೆ ಟ್ರೈಲರ್ ಮೇಲೆ ಬಿಚ್ಚಿಕೊಳ್ಳುವ ಡೇರೆ. ಎಷ್ಟೋ ವರ್ಷದ ಹಿಂದೆ ಮಾವ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಒಂದು ಜೀಪ್ ಟ್ರೈಲರ್ ತಂದಿದ್ದರು. ಎರಡು ಚಕ್ರದ್ದು. ಕಾಫಿ ಮೂಟೆ, ಗೊಬ್ಬರ, ಸೌದೆ, ಮದುವೆ ಮನೆಯ ಪಾತ್ರೆ, ಎಲ್ಲ ಅದರಲ್ಲೇ ಓಡಾಡಿವೆ. ಮಾವ ಹೋದ ಮೇಲೆ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ಗುಜರಿಗೆ ಹಾಕಲು ನಮ್ಮನೆಯವರಿಗೆ ಮನಸ್ಸಾಗಲಿಲ್ಲ. 2017ರಲ್ಲಿ ಅದರ ಮೇಲೆ ಜಿಐ ಪೈಪಿನ ಫ್ರೇಮ್ ಮಾಡಿಸಿದರು. ಹಾಸನದಲ್ಲಿ ಟಾರ್ಪಾಲಿನ್ ಹೊಲಿಯುವ ಅಂಗಡಿಯಲ್ಲಿ ದಪ್ಪ ಹತ್ತಿ ಕ್ಯಾನ್ವಾಸಿನ ಡೇರೆ ಹೊಲಿಸಿದೆವು. ಟ್ರೈಲರ್ ಮೇಲೆ ಹಲಗೆ ಹಾಸಿಕೊಂಡು ಇಬ್ಬರು, ಪಕ್ಕಕ್ಕೆ ಚಾಚಿಕೊಳ್ಳುವ ಭಾಗದಲ್ಲಿ ನೆಲದ ಮೇಲೆ ಇಬ್ಬರು ಮಲಗಬಹುದು. ದಸರಾ ರಜೆಯಲ್ಲಿ ಒಂದು ಸಲ, ರೋಬಸ್ಟಾ ಕೊಯ್ಲು ಮುಗಿದ ಮೇಲೆ ಒಂದೆರಡು ಸಲ, ಜೀಪಿಗೆ ಕಟ್ಟಿಕೊಂಡು ಹೊರಡುತ್ತೇವೆ. ಹಂಪಿಗೆ, ಚಿತ್ರದುರ್ಗಕ್ಕೆ, ಬಾದಾಮಿಗೆ ಹೋಗಿದ್ದೇವೆ. ಮಕ್ಕಳು ದೊಡ್ಡವರಾದರೂ ಇದೊಂದಕ್ಕೆ ಇನ್ನೂ ಕುಣಿಯುತ್ತಾ ಬರುತ್ತಾರೆ.

ಟ್ರೈಲರ್ ಟೆಂಟ್ ಇಂಗ್ಲೆಂಡ್ ಕಡೆ ಜಾಸ್ತಿ. ಅಲ್ಲಿಯವರು ಚಳಿಗಾಲ ಬಂತೆಂದರೆ ಒಣಗಿಸಿ ಒಳಗಿಡುತ್ತಾರೆ. ನಮಗೆ ಚಳಿಗಾಲವೇ ಹೊರಗೆ ತೆಗೆಯುವ ಕಾಲ. ನಮ್ಮ ಕಷ್ಟ ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ. ಆ ನಾಲ್ಕು ತಿಂಗಳು ಮಲೆನಾಡಿನಲ್ಲಿ ಚಪ್ಪಲಿ ಬೂಷ್ಟು ಹಿಡಿಯುತ್ತದೆ, ಬೆಲ್ಟ್ ಹಿಡಿಯುತ್ತದೆ, ಗೋಡೆಯ ಮೇಲಿನ ಫೋಟೋ ಹಿಡಿಯುತ್ತದೆ. ಮೂವತ್ತು ಕೆಜಿ ಹತ್ತಿ ಬಟ್ಟೆಯನ್ನು ಬಿಡುತ್ತದೆಯೇ?

ಮೊದಲನೇ ಡೇರೆಯನ್ನು ನಾನೇ ಹಾಳು ಮಾಡಿದೆ. ಅದನ್ನು ಇಲ್ಲಿ ಪೂರ್ತಿ ಹೇಳಬೇಕು, ಯಾಕೆಂದರೆ ಎಲ್ಲ ಕಲಿತಿದ್ದು ಅಲ್ಲಿಂದಲೇ.

2018. ಶಿರಾಡಿ ಘಾಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ವರ್ಷ. ಮೇ ಕೊನೆಯಲ್ಲಿ ಹೆತ್ತೂರಿನ ಹತ್ತಿರ ನೆಂಟರ ಗದ್ದೆಬಯಲಲ್ಲಿ ಡೇರೆ ಹಾಕಿದ್ದೆವು. ರಾತ್ರಿ ಗುಡುಗು ಮಳೆ ಬಂತು. ಒಳಗೆ ಒಂದು ಹನಿ ಬೀಳಲಿಲ್ಲ, ಮಕ್ಕಳಿಗೆ ಹಬ್ಬ. ಬೆಳಿಗ್ಗೆ ಒದ್ದೆ ಬಟ್ಟೆಯನ್ನೇ ಮಡಿಚಿ ಟ್ರೈಲರಿಗೆ ಹಾಕಿಕೊಂಡು ಮನೆಗೆ ಬಂದೆವು. ನಾಳೆ ಬಿಸಿಲು ಬಂದರೆ ಕಣದಲ್ಲಿ ಹರಡೋಣ ಅಂದುಕೊಂಡೆ. ನಾಳೆ ಬಿಸಿಲು ಬರಲಿಲ್ಲ. ನಾಡಿದ್ದೂ ಇಲ್ಲ. ಆಮೇಲೆ ತೋಟದ ಕೆಲಸ ಹಿಡಿದುಕೊಂಡಿತು. ಕೊನೆಗೆ ಮೇಲ್ಗಡೆ ನೀಲಿ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ, ಗಾಳಿ ಕೂಡ ಹೋಗದ ಹಾಗೆ ಹಗ್ಗ ಬಿಗಿದು ಕಟ್ಟಿದೆ. ಮಳೆ ನೀರು ಒಳಗೆ ಹೋಗಬಾರದು ಎನ್ನುವುದೊಂದೇ ತಲೆಯಲ್ಲಿತ್ತು. ಒಳಗಿದ್ದ ನೀರಿನ ಯೋಚನೆ ಬರಲೇ ಇಲ್ಲ.

ದಸರಾ ಹೊತ್ತಿಗೆ ಹಗ್ಗ ಬಿಚ್ಚಿದೆವು. ಟಾರ್ಪಾಲಿನ ಒಳಮೈಯಲ್ಲಿ ಹನಿ ಹನಿ ನೀರು ತೂಗಾಡುತ್ತಿತ್ತು. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಬಟ್ಟೆ ಬಿಡಿಸುತ್ತಾ ಹೋದ ಹಾಗೆ ಮಡಿಕೆ ಮಡಿಕೆಯಲ್ಲೂ ಕರಿ ಚುಕ್ಕೆ. ಸಾಸಿವೆ ಚೆಲ್ಲಿದ ಹಾಗೆ. ಮಡಿಕೆಯ ಗೆರೆಯಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿ ಬೂದು ಪಟ್ಟಿಯಾಗಿದ್ದವು. ಮಧ್ಯದ ಮಡಿಕೆಯಲ್ಲಿ ಬಿಳಿ ಬೂಷ್ಟು ಹತ್ತಿಯ ಹಾಗೆ ಎದ್ದಿತ್ತು. ನೆಲಕ್ಕೆ ತಾಗುವ ಕೆಳಗಿನ ಪಟ್ಟಿ, ನಾವು ಸೆರಗು ಅನ್ನುತ್ತೇವೆ, ಅದನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಎಳೆದೆ. ಒದ್ದೆ ಕಾಗದದ ಹಾಗೆ ಕಿತ್ತು ಬಂತು. ಸದ್ದು ಕೂಡ ಬರಲಿಲ್ಲ. ನಮ್ಮನೆಯವರು ಏನೂ ಅನ್ನಲಿಲ್ಲ, ಸುಮ್ಮನೆ ಟ್ರೈಲರಿನ ಅಂಚು ಸವರುತ್ತಾ ನಿಂತಿದ್ದರು. ನನಗೆ ಅಳು ಬಂತು.

ಅತ್ತೆ ಬಂದು ನೋಡಿದರು. "ಅಲ್ಲ ಕಣಮ್ಮ, ಹಲಸಿನ ಹಪ್ಪಳ ಹಸಿ ಇದ್ದಾಗ ಡಬ್ಬಕ್ಕೆ ತುಂಬ್ತೀಯಾ? ಇದ್ಯಾಕೆ ಹಂಗೆ ಮಾಡ್ದೆ?" ಅಂದರು. ಬೈಯಲಿಲ್ಲ, ಕೇಳಿದರು. ಆ ಮಾತು ಇವತ್ತಿಗೂ ತಲೆಯಲ್ಲಿದೆ. ಹೊಸ ಡೇರೆ ಹೊಲಿಸಿದ ಮೇಲೆ ಮಾಡಿದ್ದೆಲ್ಲ ಆ ಮಾತಿನ ಲೆಕ್ಕದಲ್ಲೇ.

ಬೂಷ್ಟಿನ ಬೀಜ ಗಾಳಿಯಲ್ಲಿ ಯಾವಾಗಲೂ ಇರುತ್ತದೆ. ಅದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ಬೇಕಾಗಿರುವುದು ಪಸೆ, ತಿನ್ನಲು ಏನಾದರೂ, ಮತ್ತೆ ಅಲುಗಾಡದ ಗಾಳಿ. ಹತ್ತಿಯೇ ಅದರ ಊಟ. ಮೇಲೆ ಅಂಟಿದ ಮಣ್ಣು, ಎಲೆ ರಸ, ಮಕ್ಕಳು ಚೆಲ್ಲಿದ ಟೀ, ಅದೂ ಊಟವೇ. ಒದ್ದೆ ಬಟ್ಟೆ ಮಡಿಚಿದ್ದರೆ ಒಂದೆರಡು ದಿನದಲ್ಲೇ ಶುರುವಾಗುತ್ತದೆ. ಬಟ್ಟೆ ಒದ್ದೆ ಇಲ್ಲದಿದ್ದರೂ ಸುತ್ತಲಿನ ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿ ಹಾಗೇ ನಿಂತರೆ ಸಾಕು, ನಿಧಾನವಾಗಿ ಹಿಡಿಯುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ತೊಂಬತ್ತು ಇರುವುದು ದಿನದ ಮಾತು.

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಏಪ್ರಿಲ್ ಕೊನೆಗೆ ತೊಳೆಯುತ್ತೇನೆ. ಒಣಗಿದ ಮಣ್ಣನ್ನು ಮೊದಲು ಮೆತ್ತನೆ ಬ್ರಷ್‌ನಲ್ಲಿ ಉದುರಿಸುವುದು, ಆಮೇಲೆ ಬರೀ ತಣ್ಣೀರು. ಸೋಪಿನ ಪುಡಿ ಹಾಕುವುದಿಲ್ಲ. ಬಟ್ಟೆಗೆ ನೀರು ಇಳಿಯದ ಹಾಗೆ ಕೊಟ್ಟಿರುವ ಲೇಪವನ್ನು ಸೋಪು ತೆಗೆದುಹಾಕುತ್ತದೆ. ಹಳೇ ಡೇರೆಯ ಕಪ್ಪು ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿ ನೋಡಿದ್ದೆ. ಕಲೆ ತಿಳಿಯಾಯಿತು, ಬಟ್ಟೆ ಇನ್ನಷ್ಟು ಸೊರಗಿತು. ಕಲೆ ಹೋಗದಿದ್ದರೆ ಇರಲಿ. ಬೂಷ್ಟು ಸಾಯಬೇಕು ಅಷ್ಟೇ. ಅದಕ್ಕೆ ನೀರಿಗೆ ಬಿಳಿ ವಿನೆಗರ್ ಬೆರೆಸಿ ಒರೆಸಿ, ಬಿಸಿಲಿಗೆ ಹಾಕುವುದು ವಾಸಿ. ಒಣ ಬೂಷ್ಟನ್ನು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮನೆಯೊಳಗೆ ಉಜ್ಜಬೇಡಿ.

ಇನ್ನು ಒಣಗಿಸುವುದು. ಮೇ ತಿಂಗಳಲ್ಲಿ ಕಾಫಿ ಕಣ ಖಾಲಿ ಇರುತ್ತದೆ. ಅಡಿಕೆ ಮರದ ಗಳುಗಳನ್ನು ಅಡ್ಡ ಕಟ್ಟಿ ಅದರ ಮೇಲೆ ಬಟ್ಟೆ ಹಾಕುತ್ತೇನೆ. ಸಿಮೆಂಟಿನ ಮೇಲೆ ಚಾಪೆಯ ಹಾಗೆ ಹಾಸಿದರೆ ಕೆಳಗಿನ ಮೈ ಒಣಗುವುದಿಲ್ಲ. ಗಾಳಿ ಎರಡೂ ಕಡೆ ಆಡಬೇಕು. ಹನ್ನೊಂದು ಗಂಟೆಗೆ ಹಾಕಿ ಮೂರು ಗಂಟೆಗೆ ತೆಗೆಯುತ್ತೇನೆ. ಅದಕ್ಕಿಂತ ಮುಂಚೆ ಮಂಜಿನ ತೇವ ಇರುತ್ತದೆ, ಆಮೇಲೆ ಗುಡುಗು ಶುರುವಾಗುತ್ತದೆ. ದಿನಗಟ್ಟಲೆ ಬಿಸಿಲಲ್ಲೇ ಬಿಟ್ಟರೆ ಬಿಸಿಲೂ ಬಟ್ಟೆಯನ್ನು ತಿನ್ನುತ್ತದೆ. ತೆಗೆದ ಮೇಲೆ ಜಗಲಿಯಲ್ಲಿ ಅರ್ಧ ಗಂಟೆ ಆರಲು ಬಿಡುತ್ತೇನೆ. ಇದೂ ಹಪ್ಪಳದ ಪಾಠವೇ. ಬಿಸಿ ಬಿಸಿ ಇದ್ದಾಗ ಒತ್ತಿ ತುಂಬಿದರೆ ಬೆವರುತ್ತದೆ. ಹಾಗಂತ ಸಂಜೆವರೆಗೆ ಬಿಟ್ಟರೆ ಸಂಜೆಯ ತಂಪು ಎಳೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಕೊನೆಗೆ ಒಣಗುವುದು ಹೊಲಿಗೆ. ಅಲ್ಲಿ ಬಟ್ಟೆ ನಾಲ್ಕು ಪದರ ಇರುತ್ತದೆ. ಮೂಲೆಯಲ್ಲಿ ಹಗ್ಗ ಕಟ್ಟುವ ಕಡೆ ಚರ್ಮವೂ ಸೇರಿ ಆರು ಪದರ. ಅಂಗೈಗೆ ಅಲ್ಲಿಯ ತೇವ ತಿಳಿಯುವುದಿಲ್ಲ. ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ತಾಗಿದರೆ ಇನ್ನೂ ಒಣಗಿಲ್ಲ. ಹೊಲಿದ ಅಂಗಡಿಯವರು ಎರಡನೇ ಡೇರೆಗೂ ಹತ್ತಿ ದಾರವನ್ನೇ ಹಾಕಿದ್ದರು. ನೈಲಾನ್ ದಾರ ಹಾಕಬಹುದಿತ್ತಲ್ಲ ಎಂದು ಕೇಳಿದೆ. ಹತ್ತಿ ದಾರ ನೀರು ಕುಡಿದು ಉಬ್ಬಿ ಸೂಜಿಯ ತೂತು ಮುಚ್ಚುತ್ತದೆ, ನೈಲಾನ್ ಉಬ್ಬುವುದಿಲ್ಲ ಅಂದರು. ಸರಿ. ಆದರೆ ಉಬ್ಬುವ ದಾರವೇ ಕೊಳೆಯುವ ದಾರವೂ ಹೌದು. ಅದಕ್ಕೇ ಹೊಲಿಗೆಯ ಮೇಲೆ ಇಷ್ಟು ಕಣ್ಣು.

ಕೆನ್ನೆಗೂ ತಿಳಿಯದ ತೇವಕ್ಕೆ ತೂಕ. ಇದು ನಮ್ಮನೆಯವರು ಹೇಳಿದ್ದು. ಕಾಫಿ ಎಷ್ಟು ಒಣಗಿದೆ ಎಂದು ತಿಳಿಯಲು ಅಳತೆ ಮಾಡಿ ತೂಕ ಹಾಕಿ ನೋಡುವುದು ಹಳೇ ಪದ್ಧತಿ. ಒಂದೇ ಅಳತೆ ಬೀಜ ಒಣಗಿದಷ್ಟೂ ಹಗುರ. ತೇವ ಅಳೆಯುವ ಮೀಟರ್ ಬಂದ ಮೇಲೂ ಮಾವ ತೂಗದೆ ಮೂಟೆ ಕಟ್ಟಿಸುತ್ತಿರಲಿಲ್ಲವಂತೆ. ಬಟ್ಟೆಗೂ ಯಾಕೆ ಮಾಡಬಾರದು? ಹತ್ತಿ ಕಾಫಿ ಬೀಜದ ಹಾಗೆಯೇ, ಗಾಳಿಯಿಂದ ಪಸೆ ಎಳೆದುಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲಿ ನೂರು ಕೆಜಿ ಒಣ ಹತ್ತಿ ಸುಮಾರು ಎಂಟು ಕೆಜಿ ನೀರನ್ನು ಒಳಗಿಟ್ಟುಕೊಂಡಿರುತ್ತದೆ, ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಂದು ಸಲ ಆಗಸ್ಟ್‌ನಲ್ಲಿ, ಒಂದು ಹನಿ ನೀರು ಸೋಕದ ಇದೇ ಬಟ್ಟೆಯನ್ನು ತೂಗಿದ್ದೆ. ಮಾರ್ಚ್‌ಗಿಂತ ಎರಡೂವರೆ ಕೆಜಿ ಜಾಸ್ತಿ ಬಂತು. ಎರಡೂವರೆ ಲೀಟರ್ ನೀರು, ಬರೀ ಗಾಳಿಯಿಂದ! ಆವತ್ತಿನಿಂದ, ತೋಟದ ಮಳೆ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಡೇರೆಯ ತೂಕವನ್ನೂ ಬರೆದಿಡುತ್ತೇನೆ. ಮೇಲ್ಗಡೆ ಇಂಚು, ಕೆಳಗಡೆ ಕೆಜಿ. ಮಾರ್ಚ್ ತೂಕಕ್ಕಿಂತ ಅರ್ಧ ಕೆಜಿಗೆ ಮೇಲಿದ್ದರೆ ಮಡಿಚುವುದಿಲ್ಲ.

ಎಲ್ಲಿಡುವುದು ಎನ್ನುವುದು ದೊಡ್ಡ ಪ್ರಶ್ನೆ. ಮೂರು ವರ್ಷ ಬೇರೆ ಬೇರೆ ಮಾಡಿ ನೋಡಿದೆ.

ಮೊದಲು ಕಾಫಿ ಗೋಡೌನ್. ಹಲಗೆ ನೆಲ, ಗಾಳಿ ಚೆನ್ನಾಗಿದೆ, ಮೂಟೆಗಳ ಪಕ್ಕದಲ್ಲಿ ಇಡಬಹುದು ಅಂದುಕೊಂಡೆ. ಅತ್ತೆ ಬಾಗಿಲಲ್ಲೇ ತಡೆದರು. ಅವರು ಹೇಳಿದ್ದು ಸರಿ. ಕಾಫಿ ಯಾವ ವಾಸನೆ ಸಿಕ್ಕರೂ ಹೀರಿಕೊಳ್ಳುತ್ತದೆ. ಡೇರೆಗೆ ಸ್ವಲ್ಪ ಮುಗ್ಗಲು ಬಂದರೂ ಒಂದು ವರ್ಷದ ದುಡಿಮೆಗೆ ಕುತ್ತು. ಗೊಬ್ಬರದ ಕೋಣೆ ಇನ್ನೂ ಕೆಟ್ಟದ್ದು. ಯೂರಿಯಾ ತಾನೇ ನೀರು ಎಳೆದು ಒಸರುತ್ತದೆ.

ಆಮೇಲೆ ಅಟ್ಟ. ನಮ್ಮ ಹಳೇ ಅಡುಗೆ ಮನೆಯಲ್ಲಿ ಇನ್ನೂ ಸೌದೆ ಒಲೆ ಇದೆ. ಅದರ ಮೇಲಿನ ಅಟ್ಟದಲ್ಲಿ ಬೀಜ, ಬುಟ್ಟಿ, ಕಂಬಳಿ ಎಲ್ಲ ಮಳೆಗಾಲ ಕಳೆಯುತ್ತಿದ್ದವು. ಒಲೆಯ ಬಿಸಿಗೆ ಗಾಳಿ ಬೆಚ್ಚಗಾಗುತ್ತದೆ. ಬೆಚ್ಚಗಿನ ಗಾಳಿಗೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಇರುತ್ತದೆ, ಹಾಗಾಗಿ ಸಾಮಾನಿನಿಂದ ಪಸೆ ಎಳೆಯುತ್ತದೆ. ಬೂಷ್ಟಿನ ಮಟ್ಟಿಗೆ ಅಟ್ಟದಷ್ಟು ಒಳ್ಳೆಯ ಜಾಗ ಇಲ್ಲ, ಇದನ್ನು ಖಂಡಿತ ಹೇಳುತ್ತೇನೆ. ಆದರೆ ಬಟ್ಟೆ ತುಂಬಾ ಇಲ್ಲಣ, ಅಂದರೆ ಹೊಗೆಯ ಮಸಿ, ಕೂತು ಕರ್ರಗಾಯಿತು. ಒಂದು ಮೂಲೆಯನ್ನು ಇಲಿ ಕಡಿಯಿತು. ಮೂವತ್ತು ಕೆಜಿಯನ್ನು ಏಣಿ ಹತ್ತಿಸಿ ಇಳಿಸುವುದೂ ಸುಲಭವಲ್ಲ. ಈಗ ಅಟ್ಟಕ್ಕೆ ಹಗ್ಗ, ಗೂಟ, ಮರದ ಸುತ್ತಿಗೆ ಮಾತ್ರ ಹೋಗುತ್ತವೆ.

ಮೂರನೇ ವರ್ಷ ಮನೆಯ ಕೋಣೆಯಲ್ಲಿ ಬೀರು ಪಕ್ಕ ಇಟ್ಟು, ಸಿಲಿಕಾ ಜೆಲ್ ಪೊಟ್ಟಣ, ಮಡಕೆಯಲ್ಲಿ ಸುಟ್ಟ ಸುಣ್ಣ ಎಲ್ಲ ಇಟ್ಟೆ. ಇದರಲ್ಲಿ ಒಂದು ಮಾತು. ಇವು ಮುಚ್ಚಿದ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಬಾಗಿಲು ತೆಗೆದು ಹಾಕುವ ಕೋಣೆಯಲ್ಲಿ ಹೊಸ ಗಾಳಿ ಬರುತ್ತಲೇ ಇರುತ್ತದೆ, ಒಂದು ಮಡಕೆ ಸುಣ್ಣ ಎಷ್ಟೆಂದು ಕುಡಿದೀತು? ಕಬ್ಬಿಣದ ಟ್ರಂಕಿನಲ್ಲಿ ಸಣ್ಣ ಸಾಮಾನು ಇಡಲು ಸಿಲಿಕಾ ಜೆಲ್ ಒಳ್ಳೆಯದು. ಬಣ್ಣ ಬದಲಾಗುವ ಹರಳು ಸಿಗುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಸುಣ್ಣದ ಹತ್ತಿರ ಮಕ್ಕಳನ್ನು ಬಿಡಬೇಡಿ. ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕೆಲವರು ಬಲ್ಬ್ ಉರಿಸಿಡಿ ಅಂದರು. ನಮ್ಮಲ್ಲಿ ಮಳೆ ಜೋರಾದರೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಕರೆಂಟ್ ನಂಬಿಕೊಂಡ ಯಾವ ಉಪಾಯವೂ ಮಲೆನಾಡಿನ ಮಳೆಗಾಲಕ್ಕಲ್ಲ.

ಆಗ ಹೊಳೆದದ್ದು ಅರಸೀಕೆರೆ. ನಾದಿನಿಯನ್ನು ಅಲ್ಲಿಗೆ ಕೊಟ್ಟಿದೆ. ಇಲ್ಲಿಂದ ಹಾಸನ ದಾಟಿ ಹೋದರೆ ಸುಮಾರು ನೂರು ಕಿಲೋಮೀಟರ್. ಜಿಲ್ಲೆ ಒಂದೇ, ಆಕಾಶ ಬೇರೆ. ಕೆಲವು ವರ್ಷ ಅಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ನಮಗೆ ಜುಲೈ ಒಂದರಲ್ಲೇ ಬೀಳುತ್ತದೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟು, ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗಿ ಒಣಗಿಸುವ ಸೀಮೆ ಅದು. ಕಾಯಿಯೊಳಗಿನ ನೀರನ್ನೇ ಇಂಗಿಸುವ ಊರು ನನ್ನ ಬಟ್ಟೆಯನ್ನು ಕೆಡಿಸುತ್ತದೆಯೇ? ಅಟ್ಟದಲ್ಲಿ ಕಾಯಿಗೆ ಇಲಿ ಬರುತ್ತವೆ, ಅದಕ್ಕೆ ಕೆಳಗಿನ ಕೋಣೆಯಲ್ಲಿ ಹಳೇ ಮಂಚದ ಮೇಲೆ ಇಡುತ್ತೇವೆ. ಗೋಡೆಗೆ ತಾಗಿಸುವುದಿಲ್ಲ. ಹಳೇ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತುತ್ತೇವೆ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೋದಾಗ ಬಿಚ್ಚಿ ಒಂದು ಮಧ್ಯಾಹ್ನ ತಂತಿಯ ಮೇಲೆ ಹರಡಿ, ಮಡಿಕೆ ಬದಲಿಸಿ ಮಡಿಚಿ ಬರುತ್ತೇವೆ. ಪ್ರತಿ ವರ್ಷ ಒಂದೇ ಗೆರೆಯಲ್ಲಿ ಮಡಿಚಿದರೆ ಅಲ್ಲೇ ಸೀಳುತ್ತದೆ. ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಡೇರೆ, ಹಲಸು, ಮೆಣಸು. ಬರುವಾಗ ಕೊಬ್ಬರಿ.

ಒಣ ಸೀಮೆಯಲ್ಲಿ ನೆಂಟರಿಲ್ಲದವರು ಏನು ಮಾಡಬೇಕು? ಮಹಡಿಯ ಕೋಣೆ, ನೆಲಕ್ಕೂ ಗೋಡೆಗೂ ತಾಗದ ಜಾಗ, ಮಂಚವೋ ರೀಪರ್ ಪಟ್ಟಿಯೋ. ಮಳೆ ಹೊಳವಾದ ದಿನ ಬಿಟ್ಟುಬಿಡದೆ ಬಿಚ್ಚಿ ಗಾಳಿಗೆ ಹಾಕಿ. ಮಳೆ ಸುರಿಯುವಾಗ ಬಿಚ್ಚಬೇಡಿ, ತೇವ ಒಳಗೆ ಕರೆದ ಹಾಗೆ. ನೈಲಾನ್, ಪಾಲಿಯೆಸ್ಟರ್ ಡೇರೆ ಇರುವವರು ಕೊಳೆಯುವುದಿಲ್ಲ ಎಂದು ಧೈರ್ಯವಾಗಿರಬೇಡಿ. ಮಗಳ ಸಣ್ಣ ಡೇರೆಯನ್ನು ಅದರ ಚೀಲದಲ್ಲೇ ಒತ್ತಿ ತುಂಬಿಟ್ಟಿದ್ದೆವು. ಎರಡು ಮಳೆಗಾಲಕ್ಕೆ ಒಳಗಿನ ಲೇಪ ಬೆಲ್ಲದ ಪಾಕದ ಹಾಗೆ ಅಂಟಂಟಾಯಿತು, ವಾಂತಿಯ ವಾಸನೆ. ಅದು ಸರಿಯಾಗಲಿಲ್ಲ.

ಟ್ರೈಲರ್ ಇಲ್ಲೇ ಶೆಡ್ಡಿನಲ್ಲಿರುತ್ತದೆ. ಅದಕ್ಕೆ ಕೆಲಸ ಕಡಿಮೆ, ಆದರೆ ಮರೆಯಬಾರದು. ತಳದ ನಾಲ್ಕು ತೂತಿನಲ್ಲಿ ಎಲೆ, ಮಣ್ಣು ಕಟ್ಟಿರುತ್ತದೆ, ಕಡ್ಡಿ ಹಾಕಿ ಬಿಡಿಸಬೇಕು. ಮುಂಭಾಗ ಸ್ವಲ್ಪ ಎತ್ತಿ ನಿಲ್ಲಿಸಿದರೆ ನೀರು ಹಿಂದಕ್ಕೆ ಹರಿದು ಹೋಗುತ್ತದೆ. ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಟ್ಟು ಟೈರಿನ ಮೇಲಿನ ಭಾರ ಇಳಿಸುತ್ತೇವೆ. ಹಬ್‌ಗೆ ಗ್ರೀಸ್, ಕೊಂಡಿಗೆ ಎಣ್ಣೆ. ಜಿಪ್ಪಿಗೆ ಮೇಣದ ಬತ್ತಿ ಉಜ್ಜುವುದು. ಫೋಮ್ ಹಾಸಿಗೆ ಟ್ರೈಲರಿನಲ್ಲಿ ಬೇಡ, ಮನೆಯೊಳಗೆ ಗೋಡೆಯಿಂದ ದೂರ ನಿಲ್ಲಿಸಿಡಿ. ಶೆಡ್ಡಿನ ತಗಡು ಶೀಟು ರಾತ್ರಿ ಬೆವರಿ ಹನಿಯುತ್ತದೆ, ಹಾಗಾಗಿ ಹೊದಿಕೆ ಬೇಕೇ ಬೇಕು. ಆದರೆ ಈಗ ಟಾರ್ಪಾಲನ್ನು ಸುತ್ತಿ ಕಟ್ಟುವುದಿಲ್ಲ. ಮಧ್ಯಕ್ಕೆ ಒಂದು ಬಿದಿರು ಕೊಟ್ಟು, ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಬಿಡುತ್ತೇವೆ. ಹಿಂದೆ ಮುಂದೆ ತೆರೆದಿರುತ್ತದೆ. ಒಳಗೆ ಕೈಯಿಟ್ಟರೆ ಗಾಳಿ ತಾಗಬೇಕು.

ಇಷ್ಟು ಬರೆಯುವ ಹೊತ್ತಿಗೆ ಗಂಟೆ ಮೂರಾಯಿತು, ಎದ್ದು ಹೋಗಿ ಮತ್ತೆ ತೂಗಿ ಬಂದೆ. 33 ಕೆಜಿ 600 ಗ್ರಾಂ. ಅತ್ತೆಯೂ ಬಂದು ಮೂಲೆಯ ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿದರು. "ಇನ್ನು ಮಡಿಚು" ಅಂದರು. ಭಾನುವಾರ ಬೆಳಿಗ್ಗೆ ಹೊರಡುತ್ತೇವೆ. ನಾದಿನಿಗೆ ಫೋನ್ ಮಾಡಿದ್ದೇನೆ, ಮಂಚ ಖಾಲಿ ಮಾಡಿಟ್ಟಿದ್ದಾಳಂತೆ.